ವಿಯೆನ್ನಾದ ಎರಡು ಹೆರಿಗೆ ವಿಭಾಗಗಳ ಲೆಕ್ಕ

ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ವರ್ಷಕ್ಕೆ ಮೂರ್ನಾಲ್ಕು ಮಂದಿಯಾದರೂ ನನ್ನ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ಸರ್ವೆ ಮುಗಿದಿರುತ್ತದೆ. ಎಕ್ಸೆಲ್ ಶೀಟಿನಲ್ಲಿ ಎಲ್ಲ ತುಂಬಿರುತ್ತದೆ. ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ಡೇಟಾ ಬಂತು. ಈಗ ಯಾವ ಟೆಸ್ಟ್ ಹಾಕ್ಬೇಕು?" (ಟೆಸ್ಟ್ ಅಂದರೆ ಅಂಕಿಗಳ ವ್ಯತ್ಯಾಸ ಬರೀ ಅದೃಷ್ಟದ್ದೋ ಅಲ್ಲವೋ ಎಂದು ನೋಡುವ ಲೆಕ್ಕ.) ಎರಡನೆಯದು: "ಪೈ ಚಾರ್ಟ್ ಹಾಕ್ಲಾ, ಬಾರ್ ಚಾರ್ಟ್ ಹಾಕ್ಲಾ?"

ನಾನು ಲ್ಯಾಪ್‌ಟಾಪ್ ಮುಚ್ಚಿಸುತ್ತೇನೆ. ಒಂದು ಹಾಳೆ ಮತ್ತು ಪೆನ್ಸಿಲ್ ಕೊಡುತ್ತೇನೆ. ಹಾಳೆಯಲ್ಲಿ 1840ರ ದಶಕದ ವಿಯೆನ್ನಾದ ಒಂದು ಆಸ್ಪತ್ರೆಯ ಅಂಕಿಗಳಿರುತ್ತವೆ. ಅಂಕಿಗಳನ್ನು ಬಿಡಿಸಿ ನೋಡುವುದು, ಅವುಗಳ ಅರ್ಥ ಹಿಡಿಯುವುದು, ಬೇರೆಯವರಿಗೆ ಮನದಟ್ಟು ಮಾಡುವುದು, ಈ ಮೂರು ಕೆಲಸವೂ ಆ ಒಂದು ಹಾಳೆಯಲ್ಲಿದೆ. ಅಲ್ಲಿನ ವೈದ್ಯರೊಬ್ಬರು ಮೊದಲ ಎರಡನ್ನು ಬಹಳ ಚೆನ್ನಾಗಿ ಮಾಡಿದರು. ಮೂರನೆಯದರಲ್ಲಿ ಸೋತರು. ಆ ಸೋಲಿಗೆ ಎಷ್ಟೋ ತಾಯಂದಿರು ಜೀವ ತೆತ್ತರು. ಹಾಗಾಗಿ ಪ್ರೆಸೆಂಟೇಷನ್ ಅಂದರೆ ಕೊನೆಗೆ ಹಚ್ಚುವ ಬಣ್ಣ ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ.

ಎಷ್ಟು ಎನ್ನುವ ಮೊದಲು, ಎಷ್ಟರಲ್ಲಿ?

ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. 1840ರಲ್ಲಿ ಒಂದು ಸರ್ಕಾರಿ ಆದೇಶ ಬಂತು. ಅದರಂತೆ ವೈದ್ಯಕೀಯ ಓದುವ ಹುಡುಗರೆಲ್ಲ ಒಂದನೇ ವಿಭಾಗದಲ್ಲಿ ಕಲಿಯಬೇಕು. ಸೂಲಗಿತ್ತಿ ಕೆಲಸ ಕಲಿಯುವ ಹೆಂಗಸರೆಲ್ಲ ಎರಡನೇ ವಿಭಾಗಕ್ಕೆ ಹೋಗಬೇಕು. 1846ರ ಜುಲೈಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ 28 ವರ್ಷದ ಹಂಗೇರಿಯ ವೈದ್ಯರು ಒಂದನೇ ವಿಭಾಗಕ್ಕೆ ಸಹಾಯಕರಾಗಿ ಸೇರಿದರು.

ಅಲ್ಲಿ ಬಾಣಂತಿ ಜ್ವರ ತಾಂಡವವಾಡುತ್ತಿತ್ತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಜ್ವರ ಏರುತ್ತಿತ್ತು. ಹೊಟ್ಟೆ ನೋವು, ಉಬ್ಬರ. ಆಮೇಲೆ ಸಾವು. ಆ ವರ್ಷ ಒಂದನೇ ವಿಭಾಗದಲ್ಲಿ 459 ತಾಯಂದಿರು ಸತ್ತರು. ಎರಡನೇ ವಿಭಾಗದಲ್ಲಿ 105.

ಇಲ್ಲಿಗೆ ಬಂದಾಗ ವಿದ್ಯಾರ್ಥಿಗಳು ತಕ್ಷಣ "ಒಂದನೇ ವಿಭಾಗ ಕೆಟ್ಟದ್ದು" ಎನ್ನುತ್ತಾರೆ. ನಾನು ಕೇಳುತ್ತೇನೆ, ಎಷ್ಟು ಹೆರಿಗೆಯಲ್ಲಿ 459? ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಬಾಯಿಪಾಠ ಮಾಡಿರುತ್ತೇವೆ. ದೊಡ್ಡವರಾದ ಮೇಲೆ ಛೇದ ಮರೆತೇ ಹೋಗುತ್ತದೆ. ಸುದ್ದಿಗಳಲ್ಲಿ ಬರುವ ಅಂಕಿಗಳಲ್ಲಿ ನನಗೆ ಜಾಸ್ತಿ ಕಾಣುವ ತಪ್ಪು ಇದೇ. ಮೇಲಿನ ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ, ಕೆಳಗಿನದು ಎಲ್ಲೂ ಇರುವುದಿಲ್ಲ.

ವಿಯೆನ್ನಾದ ಪುಣ್ಯ, ಅಲ್ಲಿ ಛೇದ ಬರೆದಿಟ್ಟಿದ್ದರು. 1846ರಲ್ಲಿ ಒಂದನೇ ವಿಭಾಗದಲ್ಲಿ 4,010 ಹೆರಿಗೆಗಳಾಗಿದ್ದವು. ಎರಡನೆಯದರಲ್ಲಿ 3,754. ಅಂದರೆ ಒಂದು ಕಡೆ ನೂರಕ್ಕೆ 11.4 ಸಾವು, ಇನ್ನೊಂದು ಕಡೆ 2.8. ಒಂದೇ ವರ್ಷ ನೋಡಿ ತೀರ್ಮಾನಕ್ಕೆ ಬರಬಾರದು, ಅಲ್ವಾ? ಆರು ವರ್ಷದ್ದು ನೋಡೋಣ. ಎಲ್ಲವೂ ನೂರು ಹೆರಿಗೆಗೆ ಎಷ್ಟು ಸಾವು ಎಂಬ ಲೆಕ್ಕ.

1841: ಒಂದನೇ ವಿಭಾಗ 7.8, ಎರಡನೇ ವಿಭಾಗ 3.5
1842: ಒಂದನೇ ವಿಭಾಗ 15.8, ಎರಡನೇ ವಿಭಾಗ 7.6
1843: ಒಂದನೇ ವಿಭಾಗ 9.0, ಎರಡನೇ ವಿಭಾಗ 6.0
1844: ಒಂದನೇ ವಿಭಾಗ 8.2, ಎರಡನೇ ವಿಭಾಗ 2.3
1845: ಒಂದನೇ ವಿಭಾಗ 6.9, ಎರಡನೇ ವಿಭಾಗ 2.0
1846: ಒಂದನೇ ವಿಭಾಗ 11.4, ಎರಡನೇ ವಿಭಾಗ 2.8

ಈ ಸಾಲುಗಳನ್ನು ಸುಮ್ನೆ ಕಣ್ಣಾಡಿಸಬೇಡಿ. ಬೆರಳಿಟ್ಟು ಓದಿ. ಆರು ವರ್ಷದಲ್ಲಿ ಒಂದು ವರ್ಷವೂ ಎರಡನೇ ವಿಭಾಗದ ಅಂಕಿ ಒಂದನೆಯದನ್ನು ದಾಟಿಲ್ಲ. 1842 ಎರಡೂ ಕಡೆ ಕೆಟ್ಟ ವರ್ಷ. ಹಾಗಾದರೆ ಎರಡು ಕಡೆಗೂ ಸೇರಿ ಏನೋ ಒಂದು ಏರಿಳಿತ ಇದೆ. ಅದರ ಮೇಲೆ ಒಂದನೇ ವಿಭಾಗಕ್ಕೆ ಮಾತ್ರ ಅಂಟಿದ ಇನ್ನೇನೋ ಇದೆ. ಇಷ್ಟು ತಿಳಿಯಲು ಯಾವ ಸಾಫ್ಟ್‌ವೇರೂ ಬೇಕಾಗಿಲ್ಲ. ವಿಶ್ಲೇಷಣೆಯ ಮುಕ್ಕಾಲು ಪಾಲು ಹೀಗೆ ಬೆರಳಿಟ್ಟು ಓದುವುದರಲ್ಲೇ ಆಗಿಬಿಡುತ್ತದೆ.

ಆರೂ ವರ್ಷ ಕೂಡಿಸಿದರೆ ಒಂದನೇ ವಿಭಾಗದಲ್ಲಿ 20,042 ಹೆರಿಗೆ, 1,989 ಸಾವು. ಎರಡನೆಯದರಲ್ಲಿ 17,791 ಹೆರಿಗೆ, 691 ಸಾವು. ನೂರಕ್ಕೆ 9.9 ಮತ್ತು 3.9. (ಆರು ಶೇಕಡಾವಾರುಗಳನ್ನು ಕೂಡಿಸಿ ಆರರಿಂದ ಭಾಗಿಸಬೇಡಿ. ಹೆರಿಗೆ ಬೇರೆ ಕೂಡಿಸಿ, ಸಾವು ಬೇರೆ ಕೂಡಿಸಿ, ಆಮೇಲೆ ಭಾಗಿಸಿ.) ಒಂದನೇ ವಿಭಾಗದಲ್ಲೂ ಎರಡನೆಯದರಷ್ಟೇ ಸಾವಾಗಿದ್ದರೆ ಸುಮಾರು 778 ಆಗುತ್ತಿತ್ತು. ಆದದ್ದು 1,989. ವ್ಯತ್ಯಾಸ ಸುಮಾರು 1,200. ಆರು ವರ್ಷದಲ್ಲಿ 1,200 ತಾಯಂದಿರು. ಈ ಕಳೆಯುವ ಲೆಕ್ಕ ನಾನು ಮಾಡಿದ್ದು. ನೂರಕ್ಕೆ ಇಷ್ಟು ಎಂದು ಕೇಳಿದಾಗ ತಲೆಗೆ ಹೋಗದ್ದು, ಹೀಗೆ ಹೇಳಿದಾಗ ಎದೆಗೆ ತಾಗುತ್ತದೆ. ಎರಡೂ ಒಂದೇ ಮಾಹಿತಿ.

ಬರೆದವರು ಯಾರು, ಬಿಟ್ಟುಹೋದವರು ಯಾರು?

ಈ ಅಂಕಿಗಳಲ್ಲಿ ಒಂದು ತೂತಿತ್ತು. ಕಾಯಿಲೆ ಜೋರಾದ ಬಾಣಂತಿಯರನ್ನು ಒಂದನೇ ವಿಭಾಗದಿಂದ ಆಸ್ಪತ್ರೆಯ ಬೇರೆ ವಾರ್ಡುಗಳಿಗೆ ಸಾಗಿಸುತ್ತಿದ್ದರು. ಅಲ್ಲಿ ಸತ್ತವರ ಹೆಸರು ಹೆರಿಗೆ ವಿಭಾಗದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎರಡನೇ ವಿಭಾಗದಿಂದ ಹೀಗೆ ಸಾಗಿಸುವುದು ಅಪರೂಪ. ಇದನ್ನು ಸೆಮ್ಮೆಲ್‌ವೈಸ್ ಅವರೇ ಬರೆದಿದ್ದಾರೆ. ಅಂದರೆ ನಿಜವಾದ ಅಂತರ ಕಾಗದದ ಮೇಲೆ ಕಾಣುವುದಕ್ಕಿಂತ ಜಾಸ್ತಿ.

ಯಾವುದೇ ಅಂಕಿ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು ಇದು. ಇದನ್ನು ಬರೆದವರು ಯಾರು? ಬರೆದವರಿಗೆ ಅದು ದೊಡ್ಡದಾಗಿ ಕಂಡರೆ ಲಾಭವೋ, ಚಿಕ್ಕದಾಗಿ ಕಂಡರೆ ಲಾಭವೋ?

ಈ ಪ್ರಶ್ನೆಗೆ ನಮ್ಮ ದೇಶದ್ದೇ ಒಂದು ಚೆಂದದ ಉದಾಹರಣೆ ಇದೆ. ಅದನ್ನು ಬರೆದು ಪ್ರಸಿದ್ಧಿ ಮಾಡಿದವರು ಸಿ. ಆರ್. ರಾವ್. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ, ಜಗತ್ತೇ ಮೆಚ್ಚಿದ ಸಂಖ್ಯಾಶಾಸ್ತ್ರಜ್ಞರು. 1947ರ ಗಲಭೆಯ ದಿನಗಳಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಬಹಳ ಜನ ಆಶ್ರಯ ಪಡೆದಿದ್ದರು. ಅವರ ಊಟದ ಸಾಮಾನು ಪೂರೈಸುತ್ತಿದ್ದ ಗುತ್ತಿಗೆದಾರರ ಬಿಲ್ಲು ವಿಪರೀತ ಎನಿಸಿತು. ಒಳಗೆ ಎಷ್ಟು ಜನ ಇದ್ದಾರೆ? ಒಳಗೆ ಹೋಗಿ ಎಣಿಸುವ ಪರಿಸ್ಥಿತಿ ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಜೆ. ಎಂ. ಸೇನ್‌ಗುಪ್ತ ಬಿಲ್ಲುಗಳನ್ನೇ ಕೈಗೆತ್ತಿಕೊಂಡರು. ಒಬ್ಬರಿಗೆ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ಬೇಕು ಎಂಬುದು ಬೇರೆ ಸಮೀಕ್ಷೆಗಳಿಂದ ಗೊತ್ತಿತ್ತು. ಅದರಿಂದ ಭಾಗಿಸಿದರೆ ಜನರ ಸಂಖ್ಯೆ ಬರುತ್ತದೆ. ಮೂರು ಸಾಮಾನಿನಿಂದ ಮೂರು ಉತ್ತರ ಬಂತು. ಅಕ್ಕಿಯ ಲೆಕ್ಕದಲ್ಲಿ ಜನ ಅತಿ ಹೆಚ್ಚು, ಉಪ್ಪಿನ ಲೆಕ್ಕದಲ್ಲಿ ಅತಿ ಕಡಿಮೆ.

ನಂಬಿದ್ದು ಉಪ್ಪನ್ನು. ಉಪ್ಪು ಅಗ್ಗ. ಅದರ ತೂಕ ಹಿಗ್ಗಿಸಿ ಬರೆದರೆ ಯಾರಿಗೂ ಏನೂ ಸಿಗುವುದಿಲ್ಲ. ಅಕ್ಕಿ ದುಬಾರಿ, ಅಲ್ಲಿ ಹಿಗ್ಗಿಸುವ ಆಸೆ ಇರುತ್ತದೆ. ಮೂರರ ಸರಾಸರಿ ತೆಗೆದು ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಈ ಉಪ್ಪಿನ ಲೆಕ್ಕ ನೆನಪಿಸಿಕೊಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ. ಇಲ್ಲಿ ಭಾಗಾಕಾರ ಐದನೇ ಕ್ಲಾಸಿನದು. ಆ ಭಾಗಾಕಾರದ ಹಿಂದಿರುವ ಲೋಕಜ್ಞಾನವೇ ಸಂಶೋಧನೆ.

ಕಾರಣ ಹುಡುಕುವುದು ಹೇಗೆ?

ಮತ್ತೆ ವಿಯೆನ್ನಾಕ್ಕೆ ಬರೋಣ. ಅಂತರ ಇದೆ ಎಂದು ಗೊತ್ತಾಯಿತು. ಯಾಕೆ ಇದೆ?

ಮೊದಲು ಒಂದು ಅನುಮಾನ ಬಗೆಹರಿಸಬೇಕು. ಒಂದನೇ ವಿಭಾಗಕ್ಕೆ ಬರುತ್ತಿದ್ದ ಹೆಂಗಸರೇ ಬೇರೆ ತರದವರಾಗಿದ್ದರೆ? ಹೆಚ್ಚು ಬಡವರು, ಹೆಚ್ಚು ನಿತ್ರಾಣರು ಅಲ್ಲಿಗೆ ಹೋಗುತ್ತಿದ್ದರೆ? ಹಾಗಿದ್ದರೆ ಹೋಲಿಕೆಯೇ ತಪ್ಪಾಗುತ್ತಿತ್ತು. ಆದರೆ ಅಲ್ಲಿನ ದಾಖಲಾತಿ ನಿಯಮ ವಿಚಿತ್ರವಾಗಿತ್ತು. ಯಾವ ವಿಭಾಗ ಎಂಬುದನ್ನು ನಿರ್ಧರಿಸುತ್ತಿದ್ದುದು ವಾರದ ದಿನ. ಇವತ್ತು ಬಂದವರು ಒಂದನೆಯದಕ್ಕೆ, ನಾಳೆ ಬಂದವರು ಎರಡನೆಯದಕ್ಕೆ. ವಾರದಲ್ಲಿ ಒಂದು ದಿನ ಒಂದನೇ ವಿಭಾಗಕ್ಕೆ ಜಾಸ್ತಿ. ಹೆರಿಗೆ ನೋವು ದಿನ ನೋಡಿಕೊಂಡು ಬರುವುದಿಲ್ಲ. ಹಾಗಾಗಿ ಇದು ನಾಣ್ಯ ಚಿಮ್ಮಿ ಹಂಚಿದ ಹಾಗೇ ಆಯಿತು. ಇವತ್ತು ಹೊಸ ಔಷಧಿ ಪರೀಕ್ಷಿಸುವವರು ಬೇಕೆಂದೇ ಹೀಗೆ ಚೀಟಿ ಎತ್ತಿ ಹಂಚುತ್ತಾರೆ. ವಿಯೆನ್ನಾದಲ್ಲಿ ಅದು ಯಾರೂ ಯೋಚಿಸದೆ ಆಗಿಹೋಗಿತ್ತು. ಪೂರ್ತಿ ಕಲಬೆರಕೆ ಇಲ್ಲದ್ದು ಎನ್ನಲಾರೆ. ಹೆಂಗಸರಿಗೆ ಒಂದನೇ ವಿಭಾಗದ ಹೆಸರು ಕೇಳಿದರೇ ನಡುಕ. ಎರಡನೆಯದಕ್ಕೆ ಹಾಕಿ ಎಂದು ಕಾಲಿಗೆ ಬೀಳುತ್ತಿದ್ದರು.

ಆಗ ಸೆಮ್ಮೆಲ್‌ವೈಸ್ ಒಂದೊಂದೇ ಕಾರಣವನ್ನು ಹಾಳೆಯ ಮುಂದೆ ನಿಲ್ಲಿಸಿ ವಿಚಾರಿಸಿದರು. ಅವರ ಪರೀಕ್ಷೆ ತುಂಬಾ ಸರಳ. ಸಾವು ಎರಡು ಕಡೆ ಬೇರೆ ಬೇರೆ. ಹಾಗಾದರೆ ಕಾರಣವೂ ಎರಡು ಕಡೆ ಬೇರೆ ಬೇರೆ ಇರಬೇಕು. ಎರಡು ಕಡೆಗೂ ಒಂದೇ ಆಗಿರುವುದು ಈ ಅಂತರಕ್ಕೆ ಕಾರಣವಾಗಲಾರದು.

ಕೆಟ್ಟ ಗಾಳಿ? ಆ ಕಾಲದ ವೈದ್ಯರ ಅಚ್ಚುಮೆಚ್ಚಿನ ಉತ್ತರ ಅದು. ಆದರೆ ಎರಡೂ ವಿಭಾಗ ಒಂದೇ ಆಸ್ಪತ್ರೆಯಲ್ಲಿ, ಅಕ್ಕಪಕ್ಕದಲ್ಲಿ. ಗಾಳಿಗೆ ಗೋಡೆ ಹಾಕಿದವರು ಯಾರು? ಜನಸಂದಣಿ? ಸಂದಣಿ ಜಾಸ್ತಿ ಇದ್ದದ್ದು ಎರಡನೇ ವಿಭಾಗದಲ್ಲಿ, ಎಲ್ಲರೂ ಅಲ್ಲಿಗೇ ಹೋಗಬಯಸುತ್ತಿದ್ದರಿಂದ. ಹೆರಿಗೆಯ ಭಂಗಿ? ಎರಡನೆಯದರಲ್ಲಿ ಮಗ್ಗುಲಾಗಿ ಮಲಗಿಸುತ್ತಿದ್ದರು. ಇಲ್ಲೂ ಹಾಗೇ ಮಾಡಿ ನೋಡಿದರು. ಸಾವು ಕಡಿಮೆಯಾಗಲಿಲ್ಲ. ಸಾಯುವವರಿಗೆ ಕೊನೆಯ ಸಂಸ್ಕಾರ ಮಾಡಲು ಬರುವ ಪಾದ್ರಿ, ಮುಂದೆ ಗಂಟೆ ಬಾರಿಸುವವನು. ಒಂದನೇ ವಿಭಾಗದಲ್ಲಿ ಅವರು ಬೇರೆ ಬಾಣಂತಿಯರ ಕೋಣೆಗಳನ್ನು ದಾಟಿಕೊಂಡೇ ಹೋಗಬೇಕಿತ್ತು. ಆ ಸದ್ದಿಗೆ ಹೆದರಿ ಜ್ವರ ಬರುತ್ತಿರಬಹುದೇ? ಪಾದ್ರಿಯವರನ್ನು ಕೇಳಿಕೊಂಡು, ಗಂಟೆ ಇಲ್ಲದೆ, ಬಳಸು ದಾರಿಯಲ್ಲಿ ಬರುವಂತೆ ಮಾಡಿದರು. ಸಾವು ಹಾಗೇ ಮುಂದುವರಿಯಿತು.

ಇನ್ನೊಂದು ಸಂಗತಿ ಅವರನ್ನು ಕಾಡಿತು. ದಾರಿಯಲ್ಲೇ ಹೆರಿಗೆಯಾಗಿ ಆಮೇಲೆ ಆಸ್ಪತ್ರೆಗೆ ಬಂದವರಲ್ಲಿ ಈ ಜ್ವರ ಕಡಿಮೆ. ಬೀದಿಯಲ್ಲಿ ಹೆತ್ತವಳು ಬದುಕುತ್ತಾಳೆ, ಆಸ್ಪತ್ರೆಯ ಹಾಸಿಗೆಯಲ್ಲಿ ಹೆತ್ತವಳು ಸಾಯುತ್ತಾಳೆ. ಸರಾಸರಿಗೆ ಹೊಂದದ ಇಂಥ ಗುಂಪು ಸಿಕ್ಕಾಗ ಅದನ್ನು ಮೂಲೆಗೆ ತಳ್ಳಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬೀಗದ ಕೈ ಹೆಚ್ಚಾಗಿ ಅಲ್ಲೇ ಬಿದ್ದಿರುತ್ತದೆ.

1847ರ ಮಾರ್ಚ್‌ನಲ್ಲಿ ಅವರ ಗೆಳೆಯ, ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ತೀರಿಹೋದರು. ಪೋಸ್ಟ್‌ಮಾರ್ಟಂ ಮಾಡುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಕೊಲೆಚ್ಕಾ ಅವರ ದೇಹದ ವರದಿ ಓದಿದಾಗ ಸೆಮ್ಮೆಲ್‌ವೈಸ್ ಬೆಚ್ಚಿಬಿದ್ದರು. ಬಾಣಂತಿಯರ ವರದಿಗಳಲ್ಲಿ ಇದ್ದದ್ದೇ ಅಲ್ಲೂ ಇತ್ತು. ಗೆಳೆಯನ ಮೈಗೆ ಹೆಣದ ನಂಜು ಹೋದದ್ದು ಚಾಕುವಿನಿಂದ. ಹಾಗಾದರೆ ಬಾಣಂತಿಯರ ಮೈಗೆ? ಒಂದನೇ ವಿಭಾಗದ ವೈದ್ಯರೂ ವಿದ್ಯಾರ್ಥಿಗಳೂ ಬೆಳಗ್ಗೆ ಹೆಣ ಕೊಯ್ದು, ಅದೇ ಕೈಯಲ್ಲಿ ಬಂದು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಎರಡು ಕಡೆ ಬೇರೆಯಾಗಿದ್ದದ್ದು ಕೊನೆಗೂ ಸಿಕ್ಕಿತು. ಅದು ಅವರದೇ ಕೈ.

1847ರ ಮೇ ಮಧ್ಯದಲ್ಲಿ ಅವರು ನಿಯಮ ತಂದರು. ಹೆರಿಗೆ ವಿಭಾಗಕ್ಕೆ ಕಾಲಿಡುವ ಮೊದಲು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು. ನಮ್ಮಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅದೇ.

ಎಲ್ಲರೂ ಹಂಚಿಕೊಳ್ಳುವ ಗ್ರಾಫ್‌ನ ತೊಂದರೆ

ಇಲ್ಲಿಂದ ಮುಂದೆ ಕಥೆಯನ್ನು ಹೆಚ್ಚಿನವರು ಹೀಗೆ ಹೇಳುತ್ತಾರೆ. ಏಪ್ರಿಲ್ 1847ರಲ್ಲಿ 312 ಹೆರಿಗೆ, 57 ಸಾವು, ನೂರಕ್ಕೆ 18.3. ಜೂನ್‌ನಲ್ಲಿ 268 ಹೆರಿಗೆ, 6 ಸಾವು, ನೂರಕ್ಕೆ 2.2. ಜುಲೈನಲ್ಲಿ 1.2. ಬಂಡೆಯ ತುದಿಯಿಂದ ಕೆಳಗೆ ಜಿಗಿದ ಹಾಗೆ ಗ್ರಾಫ್. ಚಪ್ಪಾಳೆ.

ನಾನೂ ಮೊದಮೊದಲು ಹೀಗೇ ಹೇಳುತ್ತಿದ್ದೆ. ಆಮೇಲೆ ತಿಂಗಳವಾರು ಪಟ್ಟಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಓದಿದೆ. 1847ರ ಫೆಬ್ರವರಿಯಲ್ಲಿ 312 ಹೆರಿಗೆಯಲ್ಲಿ 6 ಸಾವು. ನೂರಕ್ಕೆ 1.9. ಕೈ ತೊಳೆಯುವ ನಿಯಮ ಬರುವುದಕ್ಕೆ ಮೂರು ತಿಂಗಳು ಮೊದಲೇ, ಜೂನ್‌ಗಿಂತಲೂ ಕಡಿಮೆ! ಜನವರಿ 3.2, ಮಾರ್ಚ್ 3.6. ಆ ಚಳಿಗಾಲದಲ್ಲಿ ವಿದ್ಯಾರ್ಥಿಗಳ ಸಂಖ್ಯೆಯನ್ನು 42ರಿಂದ 20ಕ್ಕೆ ಇಳಿಸಿದ್ದರು, ಗರ್ಭಿಣಿಯರನ್ನು ಪರೀಕ್ಷಿಸುವುದನ್ನೂ ಕಡಿಮೆ ಮಾಡಿದ್ದರು. ಆದರೂ ಏಪ್ರಿಲ್‌ನಲ್ಲಿ ಸಾವು ಮತ್ತೆ ಭುಗಿಲೆದ್ದಿತು.

ಏಪ್ರಿಲ್ ಒಂದನ್ನೇ "ಮೊದಲು" ಎಂದು ಹಿಡಿದರೆ ನಾವು ಅತಿ ಕೆಟ್ಟ ತಿಂಗಳನ್ನು ಆರಿಸಿಕೊಂಡಂತೆ. ವಿಪರೀತ ಏರಿದ್ದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವುದು ಸಹಜ. ತಲೆನೋವು ತಡೆಯಲಾಗದೆ ಮಾತ್ರೆ ನುಂಗುತ್ತೇವೆ, ನೋವು ಇಳಿಯುತ್ತದೆ. ಎಷ್ಟು ಮಾತ್ರೆಯಿಂದ, ಎಷ್ಟು ತಾನಾಗಿಯೇ?

ಇಲ್ಲಿ ವಿದ್ಯಾರ್ಥಿಗಳ ಪ್ರೀತಿಯ "ಟೆಸ್ಟ್" ಹಾಕಿ ನೋಡೋಣ. ಹಿಂದಿನ ಆರು ವರ್ಷದಂತೆ ನೂರಕ್ಕೆ ಹತ್ತರ ಅಪಾಯವೇ ಇದ್ದಿದ್ದರೆ ಜೂನ್‌ನ 268 ಹೆರಿಗೆಗೆ ಸುಮಾರು 27 ಸಾವು ಆಗಬೇಕಿತ್ತು. ಬರೀ ಅದೃಷ್ಟದ ಏರುಪೇರಿನಿಂದ ಅದು 17ರಿಂದ 37ರ ನಡುವೆ ಎಲ್ಲಾದರೂ ಇರಬಹುದು. ಆದದ್ದು 6. ಹಾಗಾದರೆ ಇದು ಅದೃಷ್ಟವಲ್ಲ, ನಿಜವಾದ ಬದಲಾವಣೆ ಎನ್ನುತ್ತದೆ ಟೆಸ್ಟ್. ಸರಿ. ಅದೇ ಟೆಸ್ಟನ್ನು ಫೆಬ್ರವರಿಗೆ ಹಾಕಿ. 31 ಆಗಬೇಕಿತ್ತು, ಆದದ್ದು 6. ಅಲ್ಲೂ ಟೆಸ್ಟ್ "ನಿಜವಾದ ಬದಲಾವಣೆ" ಎಂದೇ ಹೇಳುತ್ತದೆ. ಆಗ ಬ್ಲೀಚಿಂಗ್ ಪೌಡರ್ ಬಂದೇ ಇರಲಿಲ್ಲ.

ಟೆಸ್ಟ್ ಸುಳ್ಳು ಹೇಳಲಿಲ್ಲ. ಅದೃಷ್ಟದ ಏರುಪೇರನ್ನು ಮೀರಿದ ಬದಲಾವಣೆ ಇದೆ ಎಂದಷ್ಟೇ ಅದು ಹೇಳಬಲ್ಲದು. ಯಾಕೆ ಎಂದು ಹೇಳಲಾರದು. ಜೊತೆಗೆ, ಪ್ರತಿ ಸಾವೂ ಬೇರೆ ಬೇರೆ ಚಿಮ್ಮಿದ ನಾಣ್ಯ ಎಂದು ಅದು ನಂಬಿಕೊಂಡಿರುತ್ತದೆ. ಅಂಟುವ ಕಾಯಿಲೆ ಹಾಗಲ್ಲ. ಅದು ಗುಂಪುಗುಂಪಾಗಿ ಬರುತ್ತದೆ, ಗುಂಪುಗುಂಪಾಗಿ ಹೋಗುತ್ತದೆ. ಹಾಗಾಗಿ ತಿಂಗಳ ಅಂಕಿ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಕುಣಿಯುತ್ತದೆ.

ಇದರಿಂದ ಸೆಮ್ಮೆಲ್‌ವೈಸ್ ಹೇಳಿದ್ದು ತಪ್ಪಾಯಿತೇ? ಇಲ್ಲ. ಅವರ ಕೈಯಲ್ಲಿ ಇದಕ್ಕಿಂತ ಗಟ್ಟಿ ಪುರಾವೆ ಇತ್ತು. ನೋಡಲು ಮಾತ್ರ ಅಷ್ಟು ರೋಮಾಂಚಕ ಅಲ್ಲ. ಅದು 1848ರ ಇಡೀ ವರ್ಷದ ಲೆಕ್ಕ. ಒಂದನೇ ವಿಭಾಗದಲ್ಲಿ 3,556 ಹೆರಿಗೆ, 45 ಸಾವು. ಎರಡನೆಯದರಲ್ಲಿ 3,219 ಹೆರಿಗೆ, 43 ಸಾವು. ಎರಡೂ ಕಡೆ ನೂರಕ್ಕೆ 1.3. ಎರಡು ವಿಭಾಗದ ನಡುವೆ ವರ್ಷಾನುಗಟ್ಟಲೆ ಇದ್ದ ಕಂದಕ ಮುಚ್ಚಿಹೋಗಿತ್ತು. ಒಂದು ಕೆಟ್ಟ ತಿಂಗಳು ತಾನಾಗಿ ಇಳಿಯಬಹುದು. ಆದರೆ 1841ರಿಂದ ಪ್ರತಿ ವರ್ಷ ಇದ್ದ ಅಂತರ, ಪಕ್ಕದ ವಿಭಾಗವನ್ನು ಜೊತೆಗಿಟ್ಟು ನೋಡಿದಾಗಲೂ, ಹನ್ನೆರಡು ತಿಂಗಳ ಲೆಕ್ಕದಲ್ಲಿ ಇಲ್ಲವಾಗುವುದು ಬೇರೆಯೇ ಮಾತು. ಪಕ್ಕದ ವಿಭಾಗ ಇಲ್ಲಿ ಸಾಕ್ಷಿಯ ಹಾಗೆ ನಿಂತಿದೆ. ಊರಿಗೆ ಊರೇ ಕಾಯಿಲೆ ಇಳಿದಿದ್ದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು, ಅಂತರ ಉಳಿಯಬೇಕಿತ್ತು.

ನನ್ನ ಆಯ್ಕೆ ಸ್ಪಷ್ಟ. ಏಪ್ರಿಲ್ ಜೂನ್ ಗ್ರಾಫ್ ಕಣ್ಣಿಗೆ ಹಬ್ಬ. 1848ರ ಎರಡು ಸಾಲು ಸಪ್ಪೆ. ಆದರೆ ಎದುರಾಳಿ ಎದ್ದುನಿಂತು ಫೆಬ್ರವರಿಯ ಅಂಕಿ ಕೇಳಿದಾಗ ಮೊದಲನೆಯದು ಬಿದ್ದುಹೋಗುತ್ತದೆ. ಎರಡನೆಯದು ನಿಲ್ಲುತ್ತದೆ.

ಅರ್ಥ ತಿದ್ದಿಕೊಳ್ಳುವ ಧೈರ್ಯ

1847ರ ಅಕ್ಟೋಬರ್‌ನಲ್ಲಿ ಒಂದು ಆಘಾತವಾಯಿತು. ಗರ್ಭಕೋಶದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಹೆಂಗಸನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ವೈದ್ಯರು ಅವಳನ್ನು ಪರೀಕ್ಷಿಸಿ, ಬರೀ ಸೋಪಿನಲ್ಲಿ ಕೈ ತೊಳೆದು ಮುಂದಿನ ಹಾಸಿಗೆಗಳಿಗೆ ಹೋದರು. ಜೊತೆಗೆ ಹೆರಿಗೆಯಾದ 12 ಮಂದಿಯಲ್ಲಿ 11 ಮಂದಿ ಸತ್ತರು. ಇಲ್ಲಿ ಹೆಣ ಇರಲಿಲ್ಲ. ಹಾಗಾದರೆ "ಹೆಣದ ನಂಜು" ಎಂಬ ಅರ್ಥ ಸಾಲದು. ಸೆಮ್ಮೆಲ್‌ವೈಸ್ ತಮ್ಮ ಮಾತನ್ನು ತಿದ್ದಿಕೊಂಡರು. ಜೀವಂತ ದೇಹದಲ್ಲಿ ಕೊಳೆಯುತ್ತಿರುವುದೂ ಕೈಗಂಟಿ ಜ್ವರ ತರಬಲ್ಲದು ಎಂದರು. ಒಬ್ಬರಿಂದ ಇನ್ನೊಬ್ಬರ ಬಳಿ ಹೋಗುವಾಗಲೂ ಬ್ಲೀಚಿಂಗ್ ಪೌಡರ್ ನೀರಿನಲ್ಲೇ ಕೈ ತೊಳೆಯುವಂತೆ ಮಾಡಿದರು. ನೋವಿನ ಮಧ್ಯೆಯೂ ತನ್ನದೇ ಮಾತನ್ನು ಹೀಗೆ ತಿದ್ದಿಕೊಂಡದ್ದು ಅವರ ಬಗ್ಗೆ ನನಗೆ ಅತಿ ಹೆಚ್ಚು ಗೌರವ ತರುವ ಗಳಿಗೆ.

ಕೈಯಲ್ಲಿ ನಿಜವಾಗಿ ಏನು ಅಂಟಿಕೊಂಡಿತ್ತು ಎಂಬುದು ಈ ಅಂಕಿಗಳಿಂದ ಗೊತ್ತಾಗುವಂಥದ್ದಲ್ಲ. ಬಾಣಂತಿ ಜ್ವರದ ರೋಗಾಣುವನ್ನು ಪಾಶ್ಚರ್ ತೋರಿಸಿದ್ದು 1879ರಲ್ಲಿ. ಹಾಗಂತ 1848ರಲ್ಲಿ ಕೈ ತೊಳೆಯಲು ಅಷ್ಟು ವರ್ಷ ಕಾಯಬೇಕಿರಲಿಲ್ಲ. ಏನು ಮಾಡಿದರೆ ಸಾವು ತಪ್ಪುತ್ತದೆ ಎನ್ನುವುದು ಒಂದು ಪ್ರಶ್ನೆ. ಅದು ಹೇಗೆ ತಪ್ಪುತ್ತದೆ ಎನ್ನುವುದು ಇನ್ನೊಂದು. ವರದಿ ಬರೆಯುವಾಗ ಇವೆರಡನ್ನು ಕಲಸಬಾರದು. ನನ್ನ ಅಂಕಿ ಇಷ್ಟನ್ನು ತೋರಿಸುತ್ತದೆ, ಇಷ್ಟನ್ನು ಸೂಚಿಸುತ್ತದೆ, ಇದರ ಬಗ್ಗೆ ಏನೂ ಹೇಳುವುದಿಲ್ಲ ಎಂದು ಬೇರೆ ಬೇರೆ ವಾಕ್ಯದಲ್ಲಿ ಬರೆಯಿರಿ.

ಹೇಳದೆ ಉಳಿದದ್ದು

ಇಷ್ಟೆಲ್ಲ ಮಾಡಿದ ಸೆಮ್ಮೆಲ್‌ವೈಸ್ ಅದನ್ನು ಆಗಲೇ ಬರೆಯಲಿಲ್ಲ. ಅವರ ಗೆಳೆಯ ಫರ್ಡಿನಾಂಡ್ ಹೆಬ್ರಾ 1847ರ ಡಿಸೆಂಬರ್‌ನಲ್ಲಿ ಮತ್ತು 1848ರ ಏಪ್ರಿಲ್‌ನಲ್ಲಿ ವಿಯೆನ್ನಾದ ವೈದ್ಯಕೀಯ ಪತ್ರಿಕೆಯಲ್ಲಿ ಚಿಕ್ಕ ಬರಹಗಳನ್ನು ಹಾಕಿದರು. ಬೇರೆ ಊರಿನ ವೈದ್ಯರಿಗೆ ಸುದ್ದಿ ತಲುಪಿದ್ದು ಇಂಥ ಬರಹಗಳಿಂದ, ಪತ್ರಗಳಿಂದ. ಬಾಯಿಂದ ಬಾಯಿಗೆ ಹೋದ ಹಾಗೆ ಅರ್ಥ ಸವೆಯಿತು. "ಹೆಣ ಮುಟ್ಟಿದ ಕೈ" ಎಂಬಷ್ಟೇ ಉಳಿಯಿತು. ನಮ್ಮಲ್ಲಿ ಹೆಣ ಮುಟ್ಟದೆಯೂ ಜ್ವರ ಬರುತ್ತದೆಯಲ್ಲ ಎಂದು ಹಲವರು ತಳ್ಳಿಹಾಕಿದರು. ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಇದರಲ್ಲಿ ಹೊಸದೇನಿದೆ, ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೆಂದು ನಮಗೆ ಮೊದಲೇ ಗೊತ್ತು ಎಂದುಕೊಂಡರು. ಅವರವರಿಗೆ ಸಿಕ್ಕ ಅರೆಬರೆ ಮಾತಿಗೆ ಅವರವರು ಉತ್ತರಿಸಿದರು.

ಸೆಮ್ಮೆಲ್‌ವೈಸ್ ವಿಯೆನ್ನಾದ ವೈದ್ಯರ ಮುಂದೆ ಮಾತಾಡಿದ್ದು 1850ರಲ್ಲಿ. ಅದೇ ವರ್ಷ ಊರು ಬಿಟ್ಟು ಹಂಗೇರಿಯ ಪೆಸ್ಟ್ ನಗರಕ್ಕೆ ಹೋದರು. ಅವರ ಪುಸ್ತಕ ಬಂದದ್ದು 1861ರಲ್ಲಿ. ಕೈ ತೊಳೆಸಿದ 14 ವರ್ಷಗಳ ಮೇಲೆ. 500ಕ್ಕೂ ಹೆಚ್ಚು ಪುಟ. ಕೋಷ್ಟಕದ ಮೇಲೆ ಕೋಷ್ಟಕ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ನಡುನಡುವೆ ವಿರೋಧಿಗಳ ಜೊತೆ ಉದ್ದುದ್ದ ಜಗಳ. 1848ರ ಆ ಎರಡು ಸಾಲು ಅಲ್ಲೇ ಇವೆ, ಹುಡುಕಬೇಕು. ಆಮೇಲೆ ಬರೆದ ಬಹಿರಂಗ ಪತ್ರಗಳಲ್ಲಿ ಒಪ್ಪದ ಪ್ರಾಧ್ಯಾಪಕರನ್ನು ಕೊಲೆಗಾರರು ಎಂದು ಕರೆದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಣ್ಣೆದುರು ಸತ್ತವರನ್ನು ಎಣಿಸಿದವರು ಅವರು. ಆದರೆ ಕೊಲೆಗಾರ ಎನಿಸಿಕೊಂಡವನು ಕೋಷ್ಟಕ ಓದಲು ಕೂರುವುದಿಲ್ಲ. 1865ರ ಆಗಸ್ಟ್‌ನಲ್ಲಿ ಅವರು ವಿಯೆನ್ನಾದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. 47 ವರ್ಷ.

ಅದೇ ಕಾಲದಲ್ಲಿ ಇನ್ನೊಬ್ಬರು ಸಾವಿನ ಲೆಕ್ಕವನ್ನೇ ಇಟ್ಟುಕೊಂಡು ಗೆದ್ದರು. ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯಾ ಯುದ್ಧದಲ್ಲಿ 1855ರ ಜನವರಿಯೊಂದರಲ್ಲೇ ಬ್ರಿಟಿಷ್ ಸೈನಿಕರಲ್ಲಿ 2,761 ಮಂದಿ ತಡೆಯಬಹುದಾದ ರೋಗಗಳಿಂದ ಸತ್ತಿದ್ದರು. ಯುದ್ಧದ ಗಾಯದಿಂದ ಸತ್ತವರು 83. ಗುಂಡಿಗಿಂತ ಗಲೀಜು ಹೆಚ್ಚು ಕೊಂದಿತ್ತು. ಇದನ್ನು ನೈಟಿಂಗೇಲ್ 1858ರಲ್ಲಿ ಚಿತ್ರವಾಗಿ ಅಚ್ಚು ಹಾಕಿಸಿದರು. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಎಸಳು. ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು. ನೀಲಿ ಹಾಳೆ ತುಂಬಾ ಹರಡಿಕೊಂಡಿದೆ, ಕೆಂಪು ನಡುವೆ ಮುದುಡಿದೆ. ಓದು ಬರಹದ ಸಮಯವಿಲ್ಲದ ಮಂತ್ರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಅದನ್ನು ಅವರು ನಿರ್ಧಾರ ಮಾಡುವವರ ಕೈಗೇ ತಲುಪಿಸಿದರು.

ಆ ಚಿತ್ರದಲ್ಲೂ ಒಂದು ಎಚ್ಚರ ಬೇಕು. ಅಲ್ಲಿ ಸಾವನ್ನು ಹೇಳುವುದು ಎಸಳಿನ ವಿಸ್ತೀರ್ಣ. ಸಾವು ನಾಲ್ಕು ಪಟ್ಟಾದರೆ ಎಸಳಿನ ಉದ್ದ ಎರಡು ಪಟ್ಟು ಮಾತ್ರ ಆಗಬೇಕು. ಉದ್ದವನ್ನೇ ನಾಲ್ಕು ಪಟ್ಟು ಮಾಡಿದರೆ ವಿಸ್ತೀರ್ಣ ಹದಿನಾರು ಪಟ್ಟಾಗಿ ನೋಡುವವರಿಗೆ ಮೋಸವಾಗುತ್ತದೆ. ದೊಡ್ಡ ಚೀಲ, ಚಿಕ್ಕ ಚೀಲ ಬರೆದು ಬೆಳೆ ಇಳುವರಿ ತೋರಿಸುವ ಪೋಸ್ಟರುಗಳಲ್ಲಿ ಈ ತಪ್ಪು ಈಗಲೂ ಸಿಗುತ್ತದೆ. ಸೊನ್ನೆಯಿಂದ ಶುರುವಾಗದ ಬಾರ್ ಚಾರ್ಟಿನದೂ ಅದೇ ಕಥೆ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. 500 ಪುಟ ಬೇಡ, ಸೆಮ್ಮೆಲ್‌ವೈಸ್ ಪರವಾಗಿ ಒಂದೇ ಪುಟ ಮಾಡಿ. ಪೈ ಚಾರ್ಟ್ ಮಾಡಿಕೊಂಡು ಬಂದವರನ್ನು ಮತ್ತೆ ಕೂರಿಸುತ್ತೇನೆ. ಕಾಲ ಓಡುವುದನ್ನು ಪೈ ಹೇಳಲಾರದು, ಅದಕ್ಕೆ ಗೆರೆ ಬೇಕು. ಹೋದ ವರ್ಷ ಬಂದಿದ್ದ ಹುಡುಗಿಯೊಬ್ಬಳ ಪುಟ ನನ್ನ ಮೇಜಿನ ಮೇಲೆ ಇನ್ನೂ ಇದೆ. ಮೇಲೆ ತಲೆಬರಹ: "ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈ ತೊಳೆದ ಮೇಲೆ ಎರಡು ವಿಭಾಗಗಳ ಅಂತರ ಹೋಯಿತು." ಕೆಳಗೆ 1841ರಿಂದ 1848ರವರೆಗೆ ಎರಡು ಗೆರೆ, ಒಂದು ದಪ್ಪ, ಒಂದು ತೆಳು. ಕೊನೆಯಲ್ಲಿ ಎರಡೂ ಕೂಡುತ್ತವೆ. ಮೇ 1847ರಲ್ಲಿ ಒಂದು ನೇರ ಗೀಟು. ಪ್ರತಿ ವರ್ಷದ ಕೆಳಗೆ ಸಣ್ಣಕ್ಷರದಲ್ಲಿ ಹೆರಿಗೆಯ ಸಂಖ್ಯೆ, ಯಾಕೆಂದರೆ ಛೇದ ಮರೆಯಬಾರದು. ಅದರ ಕೆಳಗೆ ಅವಳೇ ಸೇರಿಸಿದ ಮೂರು ಟಿಪ್ಪಣಿ. ಬೇರೆ ವಾರ್ಡಿಗೆ ಸಾಗಿಸಿದವರ ಸಾವು ಇದರಲ್ಲಿ ಪೂರ್ತಿ ಬಂದಿಲ್ಲ. 1847ರ ಫೆಬ್ರವರಿಯಲ್ಲೂ ಸಾವು ಕಡಿಮೆ ಇತ್ತು. ಅಕ್ಟೋಬರ್‌ನಲ್ಲಿ 12ರಲ್ಲಿ 11 ಮಂದಿ ಸತ್ತದ್ದು ಹೆಣದಿಂದ ಬಂದ ನಂಜಿನಿಂದಲ್ಲ.

ತನ್ನ ವಾದಕ್ಕೆ ತೊಡಕಾಗುವ ಮೂರನ್ನೂ ಅವಳು ಮುಚ್ಚಿಡದೆ ಬರೆದಿದ್ದಳು. ಆಮೇಲೆ ಪುಟದ ಬಲತುದಿಯಲ್ಲಿ, ಎರಡು ಗೆರೆ ಕೂಡುವ ಜಾಗದ ಪಕ್ಕದಲ್ಲಿ, ಪೆನ್ಸಿಲಿನಲ್ಲಿ ಇನ್ನೊಂದು ಸಾಲು: "ಒಂದನೇ ವಿಭಾಗ, ಮಾರ್ಚ್ 1848, ಸಾವು 0. ಆಗಸ್ಟ್ 1848, ಸಾವು 0."